ಯಾರ ಗೇಣು

ಗ್ವಾಡಿಗೆ ತಗಡು ಹೊಡಿಸಿದ್ದು ನಾವೇ.
ಸುಣ್ಣ ಉದುರಿ ರೊಟ್ಟಿ ಮ್ಯಾಲೆ ಬಿದ್ದದಂತ
ಖಾನಾವಳಿಯವರು ಮಾರಿ ತಿರುವಿದ ವರ್ಷ
ಶಹಾಬಜಾರದಿಂದ ಎಂಟು ಫೂಟಿನ ಸ್ಟೀಲ್ ಹಾಳಿ
ಆಟೋದ ಮ್ಯಾಲೆ ಡೊಗ್ಗಾಲು ಹಾಕಿಸಿ ತಂದು
ಬ್ರಹ್ಮಪುರದ ಈ ಬಾಡಿಗಿ ಖೋಲ್ಯಾಗ
ಕಟ್ಟಿಯಿಂದ ಮ್ಯಾಲಕ ಹಚ್ಚಿಸಿದ್ವಿ.
ಒರೆಸಿದ್ರ ಕನ್ನಡಿ.
ನಾವು ಏಳು ಮಂದಿ ಬಡದ್ರ
ಒಳಗೂ ಏಳು ಮಂದಿ ಬಡೀತಿದ್ರು.
ಮಹಾನಂದಾ ಅಂತಿದ್ದಳು:
"ಅವರಿಗಿ ಪಗಾರ ಕೊಡೂದಿಲ್ಲ, ಪುಣ್ಯ."

ಈ ಬ್ಯಾಸಗಿಗಿ ಸಿಲಿಂಡರಿನ ಲೆಕ್ಕ ಹರಿದು
ನಾಕು ಇಂಡಕ್ಷನ್ ಒಲಿ ಬಂದವು.
ಉರಿ ಇಲ್ಲ, ಹೊಗಿ ಇಲ್ಲ.
ಕರೀ ಗಾಜಿನ ಮ್ಯಾಲೆ ಕಬ್ಬಿಣದ ಹಂಚು ಇಟ್ರ
ಗುಂಯ್ ಅಂತದ.
ಕಾಶಿಬಾಯಿ ಕಿವಿಗೊಟ್ಟು ಕೇಳಿ,
"ಇದು ಒಲಿಯೋ, ಜೇನಿನ ಹುಟ್ಟೋ?" ಅಂದಳು.
ಶಹಾಬಾದ ಕಲ್ಲಿನ ಕಟ್ಟಿ, ಅಗಲ ಕಮ್ಮಿ.
ಒಲಿಯ ಬೆನ್ನು ತಗಡಿಗಿ ಹಚ್ಚಿ ಇಟ್ವಿ.
ಗ್ವಾಡಿಗಾತು ಕೂಡೂದು
ಯಾರಿಗಿ ಬ್ಯಾಡಾಗ್ಯಾದ?

ಮೂರನೇ ದಿನ
ಹಸಿ ಕೈಲೆ ತಗಡು ಮುಟ್ಟಿದ ಭಾಗಮ್ಮ
ಚೇಳು ಕಡದಂಗ ಹಿಂದಕ ಜಿಗಿದಳು.
ಆ ಗಳಗ್ಯಾಗೇ ಒಂದು ಒಲಿ
ಉಸಿರುಗಟ್ಟಿ, ಪೀ ಪೀ ಚೀರಿ, ತಾನೇ ಆರಿತು.
ಆಳಂದ ರಸ್ತೆಯ ಗಿರಾಕಿಗಿ
ಇನ್ನೂರು ರೊಟ್ಟಿ ಬಾಕಿ.

ಮೈನುದ್ದೀನ್ ಬಂದ.
ಮೊದಲು ಮೇನ್ ಇಳಿಸಿದ, ಆಮ್ಯಾಲೆ ಸಲಾಮ್ ಹೇಳಿದ.
ಕಿಸೆದಾಗ, ಹಳೇ ಸ್ಪೀಕರಿನಿಂದ ಕಿತ್ತ ಚುಂಬಕ.
ತಗಡಿಗಿ ಹಿಡದ. ಠಕ್.
"ಇದೂ ಹಂಚಿನ ಕುಲದ್ದೇ, ಅಕ್ಕಾ.
ಒಳಗಿನ ಸುರುಳಿಗಿ ಭಾಂಡೆ ಯಾವುದು, ಗ್ವಾಡಿ ಯಾವುದು
ಗೊತ್ತಾಗಂಗಿಲ್ಲ. ಸನೇಕ ಬಂದದ್ದು ಕಾಯಿಸ್ತದ.
ಆದ್ರ ಅದರ ಕೈ ಭಾಳ ಗಿಡ್ಡ.
ಒಂದು ಗೇಣು ಬಿಟ್ರ ಅದರ ಹಂಗೇ ಇಲ್ಲ.
ಮತ್ತ ಇದರ ಮೂಗು ಬೆನ್ನಾಗದ.
ಮೂಗು ಮುಚ್ಚಿ ದುಡಿ ಅಂದ್ರ ಯಾರು ದುಡಿತಾರ?"

ಆಮ್ಯಾಲೆ ಬಗ್ಗಿ ನೋಡಿ ಸುಮ್ಮನಾದ.
ಭಾಗಮ್ಮನ ಕಡದದ್ದು ಒಲಿ ಅಲ್ಲ.
ಹೊಸ ವೈರು ತಗಡಿನ ಚೂಪು ಅಂಚಿಗಿ ಸಿಕ್ಕು
ಮೂರೇ ದಿನದಾಗ ಚರ್ಮ ಸುಲದಿತ್ತು.
ಬೋರ್ಡ್ ಬಿಚ್ಚಿದ:
ಮೂರನೇ ತೂತಿನ ಹಿಂದ
ಬರೀ ಜೇಡರ ಬಲಿ.

"ಗೇಣಂದ್ರ ಯಾರ ಗೇಣು?"
ಅಲ್ಲಿಂದ ಜಗಳ.
ಪಾರ್ಟ್‌ಟೈಮಿಗಿ ಬರೂ ಹುಡುಗಿ ಸುವರ್ಣಾ
ತನ್ನ ಕೈ ಇಟ್ಟು ತೋರಿಸಿದಳು, ಚಿಗರೆಲಿ ಅಷ್ಟು.
ಜಾಗ ಉಳಿತದ, ಅದೇ ಇರ್ಲಿ ಅಂದೆ ನಾ.
ನೀಲಗಂಗಮ್ಮ ಮಾತಾಡಲಿಲ್ಲ.
ಮೂವತ್ತು ವರ್ಷ ರೊಟ್ಟಿ ಬಡದು
ಮುತ್ತಲೆಲಿ ಹಂಗ ಹರಡಿದ ಕೈ,
ಹೆಬ್ಬಟ್ಟು ತಗಡಿಗಿ ಊರಿ, ಕಿರುಬಟ್ಟು ಚಾಚಿ,
ಅಲ್ಲಿ ಸುಣ್ಣದ ಗೀಟು ಎಳದಳು.
ಕಟ್ಟಿ ಸಾಲಲಿಲ್ಲ.
ಮುಂದಕ ಎರಡು ಫರಸಿ ಜೋಡಿಸಿ ಒಲಿ ಸರಿಸಿದ್ವಿ,
ಬಡಿಯೂ ಕಲ್ಲು ನೆಲಕ್ಕಿಳೀತು,
ಅದರ ಕೂಡ ನಮ್ಮ ಮೊಣಕಾಲೂ.

ಹಿತ್ತಲದಾಗ ಹಾರಿ ಹಾಕಿ
ಬಿರದ ಕರೀ ಮಣ್ಣಾಗ ಕುಣಿ ತೋಡಿಸಿದ.
ಒಂದು ಪದರು ಉಪ್ಪು, ಒಂದು ಪದರು ಇದ್ದಿಲು,
ಮ್ಯಾಲೆ ನೀರು.
ಇದ್ದಿಲು ನಮ್ಮ ಹಳೇ ಒಲಿದೇ,
ಮೂಲ್ಯಾಗ ಚೀಲದಾಗ ಉಳದಿತ್ತು.
ಅಲ್ಲಿಂದ ಹಸಿರು ವೈರು ಎಳದು
ಬೋರ್ಡಿಗೊಂದು ಎಳಿ, ತಗಡಿಗೊಂದು ಎಳಿ ಬಿಗದ.
ಹೊಸ ವೈರಿಗಿ ಪೈಪಿನ ಅಂಗಿ ತೊಡಿಸಿ
ಅಂಚಿನಿಂದ ದೂರ ಒಯ್ದ.
"ಬ್ಯಾಸಗ್ಯಾಗ ದಿನಾ ಒಂದು ತಂಬಿಗಿ ಹಾಕ್ರಿ,
ನೆಲಾ ಒಣಗಿದ್ರ ಮಾತು ಕೇಳಂಗಿಲ್ಲ."

ಕಾಶಿಬಾಯಿ ಹಾಕ್ತಾಳ,
ಮೊದಲನೇ ಹಿಟ್ಟು ಕಲಸೂಕಿಂತ ಮುಂಚೆ.
ಉಪ್ಪು ಕಮ್ಮಿ ಆಗ್ಯಾದೇನ ನೋಡು ಅಂತ
ಮಣ್ಣಿಗೇ ಕೇಳ್ತಾಳ.

ಭಾಗಮ್ಮ ಇವತ್ತಿಗೂ ತಗಡಿನ ಕಡೆ ಹೋಗೂಕಿಂತ ಮೊದಲ
ಕೈ ಎರಡು ಸಲ ಸೀರಿಗಿ ಒರಸ್ತಾಳ.
ನಾವು ಸರದಷ್ಟೇ
ಒಳಗಿನ ಒಲಿಯೂ ಹಿಂದಕ ಸರದದ.
ನಡುವಿನ ಜಾಗದಾಗ ಸಂಜಿತನಕ ಹಿಟ್ಟು ಕೂಡ್ತದ.
ಸ್ವಿಚ್ ತಗದು,
ಒಣ ಅರಿವಿ ಹಿಡದು,
ನನ್ನ ಕೈ ಸಲೀಸು ಹೋಗಿ ಬರ್ತದ.